ಇಪ್ಪತ್ತೆರಡು ಹೆಸರುಗಳ ಕಾಗದ ಮತ್ತು ಕ್ಷೌರಿಕ ರೋಬ್ಲೆ ಗೇದಿಯ ಬಂಧನದ ಬಗ್ಗೆ

ಹೆಸರು ಅಸ್ಸೋವೆ ದಿರಿರ್. ವಯಸ್ಸು ಅರವತ್ನಾಲ್ಕು, ನನ್ನ ಹೆಂಡತಿ ಇದ್ದಿದ್ದರೆ ಅರವತ್ತಾರು ಅನ್ನುತ್ತಿದ್ದಳು, ಅವಳ ಲೆಕ್ಕವೇ ಸರಿ ಇರಬಹುದು. ಕಸುಬು ರೈಲ್ವೆ ಸರಕು ಕಚೇರಿಯ ಗುಮಾಸ್ತ, ಈಗ ನಿವೃತ್ತ. ವಾಸ ಡಿರೆ ದಾವಾ, ಮೆಗಾಲ ಪೇಟೆ, ಒಣಹೊಳೆಯ ದಂಡೆಯಿಂದ ನೂರ ನಲವತ್ತು ಹೆಜ್ಜೆ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ನಡೆದುಬಂದು, ನನ್ನ ಕೈಯಾರೆ ಬರೆದು ಈ ಮೂಲಕ ತಿಳಿಸುವುದೇನೆಂದರೆ:

ಮೊನ್ನೆ ಮಂಗಳವಾರ, 1991ನೇ ಆಗಸ್ಟ್ 6ರಂದು, ರೈಲ್ವೆ ಗಡಿಯಾರದಲ್ಲಿ ಬೆಳಿಗ್ಗೆ ಎಂಟಕ್ಕೆ ಹವಾಲ್ದಾರ್ ಕಿರೋಸ್ ಮತ್ತಿಬ್ಬರು ನನ್ನ ಮನೆ ಶೋಧಿಸಿದರು. ತೀರಿಹೋದ ನನ್ನ ಹೆಂಡತಿ ಅಂಬಾರೋಳ ತಗಡಿನ ಪೆಟ್ಟಿಗೆಯ ತಳದಲ್ಲಿ ಒಂದು ಕಾಗದ ಸಿಕ್ಕಿತು. ಒಂದರ ಕೆಳಗೊಂದು ಇಪ್ಪತ್ತೆರಡು ಹೆಸರು. ಇದು ಯಾರದ್ದು ಎಂದು ಹವಾಲ್ದಾರರು ಕೇಳಿದರು. ಅಷ್ಟರಲ್ಲಿ ಬಾಗಿಲಲ್ಲಿ ಹದಿನೈದಿಪ್ಪತ್ತು ಜನ ನೆರೆಹೊರೆಯವರು ನೆರೆದಿದ್ದರು. ನನಗೆ ಗೊತ್ತಿಲ್ಲ ಎಂದೆ. ಅದು ಸುಳ್ಳು.

ಅವು ನನ್ನ ವಂಶದ ಹೆಸರುಗಳು. ನನ್ನಪ್ಪ, ಅವನಪ್ಪ, ಅವನಪ್ಪ, ಹೀಗೆ ಇಪ್ಪತ್ತೆರಡು ತಲೆ. ನಮ್ಮ ಸೋಮಾಲಿಗಳಲ್ಲಿ ಆರು ವರ್ಷದ ಮಕ್ಕಳು ಇದನ್ನು ಒಂದೇ ಉಸಿರಿಗೆ ಹೇಳುತ್ತವೆ. ನಾನು ಏಡನ್ನಿನ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿ ಬಂದವನು, ಎಂಟನೆಯ ಅಜ್ಜನ ಹತ್ತಿರ ನಿಂತುಬಿಡುತ್ತಿದ್ದೆ. ಮದುವೆ ಮನೆಗಳಲ್ಲಿ ಅಂಬಾರೋ ಹಿಂದಿನಿಂದ ಪಿಸುಗುಟ್ಟಿ ದಾಟಿಸುತ್ತಿದ್ದಳು. ಕಾಯಿಲೆ ಜೋರಾದಾಗ ಬರೆದುಕೊಳ್ಳಲು ಹೇಳಿದಳು. ನಾನು ಹೋದಮೇಲೆ ನಿಮ್ಮಪ್ಪಂದಿರನ್ನ ಯಾರ ಹತ್ರ ಸಾಲ ಕೇಳ್ತೀರಿ ಎಂದಳು. ಪೂರ್ವಜರನ್ನು ಕಾಗದದಲ್ಲಿ ಇಟ್ಟುಕೊಂಡವನು ಎಂದು ನೆರೆಯವರೆದುರು ಒಪ್ಪಿಕೊಳ್ಳಲು ನಾಚಿಕೆಯಾಯಿತು. ನಾಲಿಗೆ ಕೈಕೊಟ್ಟದ್ದು ಅಲ್ಲಿ.

ಅದೇ ದಿನ ಹನ್ನೊಂದಕ್ಕೆ, ನನ್ನ ಮನೆಯಿಂದ ಅರವತ್ತು ಹೆಜ್ಜೆ ದೂರದ ಕ್ಷೌರಿಕ ರೋಬ್ಲೆ ಗೇದಿಯನ್ನು ಹಿಡಿದು ತರಲಾಯಿತು. ಕಾಗದದಲ್ಲಿ ಮೂರನೆಯ ಸಾಲು ರೋಬ್ಲೆ, ನಾಲ್ಕನೆಯದು ಗೇದಿ ಎಂಬುದೇ ಕಾರಣವಂತೆ; ಅದನ್ನು ಸೋಮಾಲಿ ರಂಗ ಎಂಬ ರಾಜಕೀಯ ಸಂಘಟನೆಯ ಸದಸ್ಯರ ಪಟ್ಟಿ ಎಂದುಕೊಂಡರಂತೆ. ಆ ರೋಬ್ಲೆ ನನ್ನ ಮುತ್ತಜ್ಜ. ಅವನು ಸತ್ತಾಗ ಈ ಊರಿಗೆ ರೈಲೇ ಬಂದಿರಲಿಲ್ಲ. ಮಳೆ ಸುರಿವಾಗ ಹುಟ್ಟಿದ ಗಂಡಿಗೆ ನಾವು ರೋಬ್ಲೆ ಅನ್ನುತ್ತೇವೆ; ಇಲ್ಲಿ ಮಳೆ ಕಡಿಮೆ, ರೋಬ್ಲೆಗಳು ಕಡಿಮೆಯಿಲ್ಲ.

ಇನ್ನು ಸೋಮಾಲಿ ರಂಗದ ವಿಷಯ. ಅದು ಇತ್ತು. ಮೇ ತಿಂಗಳಲ್ಲಿ ಅಂತರ್ಯುದ್ಧ ಮುಗಿದು ಸರ್ಕಾರ ಬದಲಾಗುವ ಮುಂಚೆ, ಸೇನಾ ಸರ್ಕಾರ ಸಂತೆಯಿಂದಲೇ ನಮ್ಮ ಗಂಡುಮಕ್ಕಳನ್ನು ಲಾರಿಗೆ ತುಂಬಿ ಯುದ್ಧಕ್ಕೆ ಒಯ್ಯುತ್ತಿದ್ದಾಗ, ಊರಿಂದ ಎರಡು ಮೈಲಿ ಆಚೆಯ ಜಾಲಿಮರದಡಿ ಹುಟ್ಟಿತು. ಈ ವರ್ಷ ಫೆಬ್ರವರಿ 18ರಿಂದ ಐವತ್ಮೂರು ದಿನ ಬದುಕಿತು. ಅದರ ಮನವಿ ಬರೆದವನು ನಾನು. ಇಂಗ್ಲಿಷಿನಲ್ಲಿ ವಿ ಬೆಗ್ ಟು ಸ್ಟೇಟ್ ಎಂದು ಶುರು ಮಾಡಿದ್ದೆ. ಅರ್ಥ ಹೇಳು ಎಂದರು. ಹೇಳಿದೆ. ಬೇಡೋರು ಯಾರಯ್ಯಾ ಇಲ್ಲಿ, ಹೊಡೆದುಹಾಕು ಎಂದರು ಹಿರಿಯರೊಬ್ಬರು. ಹೊಡೆದುಹಾಕಿದೆ. ಆಮೇಲೆ ಅರ್ಧ ಜನ ದೊಡ್ಡ ರಂಗವೊಂದಕ್ಕೆ ಸೇರೋಣ ಎಂದರು, ಅರ್ಧ ಜನ ಒಂಟೆಗೆ ನೀರು ತೋರಿಸಲು ಎದ್ದರು. ಅಲ್ಲಿಗೆ ಮುಗಿಯಿತು. ಸದಸ್ಯರ ಪಟ್ಟಿ ಇರಲಿಲ್ಲ. ಮರದಡಿ ಕೂತವನು ಒಳಗೆ, ಎದ್ದವನು ಹೊರಗೆ.

ರೋಬ್ಲೆ ಒಮ್ಮೆಯೂ ಕೂತವನಲ್ಲ. ಸಭೆಯ ದಿನ ಗಡ್ಡ ತಿದ್ದಿಸಲು ಅವನ ಬಳಿ ಹೋಗುತ್ತಿದ್ದೆವು. ಎಲ್ಲಿಗೆ ಎಂದರೆ ಮದುವೆಗೆ ಅನ್ನುತ್ತಿದ್ದೆವು. ಏಳನೆಯ ಸಲ ಅವನು, ಇಷ್ಟು ಮದುವೆ ಆಯ್ತಲ್ಲ ಚಿಕ್ಕಪ್ಪಾ, ಊಟ ಮಾಡಿದ ಮುಖ ಒಂದೂ ಕಾಣಲ್ಲವಲ್ಲ ಎಂದ. ಅವನಿಗೆ ತಿಳಿದದ್ದು ಅಷ್ಟೇ.

ಇಂದು ಒಂಬತ್ತೂ ಕಾಲಿಗೆ ಠಾಣೆಯ ಸಾಹೇಬರ ಮುಂದೆ ಕಾಗದ ನೋಡದೆ ಇಪ್ಪತ್ತೆರಡೂ ಹೇಳಿದೆ. ಕಾಗದ ಠಾಣೆಗೆ ಹೋಗಿದ್ದರಿಂದ, ಮೂರು ದಿನ ತಮ್ಮನ ಆರು ವರ್ಷದ ಮೊಮ್ಮಗನ ಮುಂದೆ ಕೂತು ಬಾಯಿಪಾಠ ಮಾಡಿದ್ದೆ. ಕಾಗದ ಹಿಡಿದು ಹೋಲಿಸಿದವರು ಹವಾಲ್ದಾರ್ ಕಿರೋಸ್. ಹದಿನಾರರಲ್ಲಿ ತಡವರಿಸಿದಾಗ ಅವರೇ ಮೆಲ್ಲಗೆ ಮುಂದಿನ ಹೆಸರು ಹೇಳಿಕೊಟ್ಟರು. ಸಾಹೇಬರು ಹವಾಲ್ದಾರರ ಕಡೆ ನೋಡಿದರು.

ನಂತರ ಸಾಹೇಬರು, ಅಜ್ಜ, ಮರದಡಿ ಕೂತವರ ಹೆಸರು ಬರೆದುಕೊಡಿ, ನೀವೂ ರೋಬ್ಲೆಯೂ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು ಎಂದರು. ಏಪ್ರಿಲಿನಲ್ಲಿ ಹಳೆಯ ಸರ್ಕಾರದವರು ಇದೇ ಕೋಣೆಯಲ್ಲಿ ಇದನ್ನೇ ಕೇಳಿದ್ದರು, ಊಟದ ಮಾತು ಮಾತ್ರ ಎತ್ತಿರಲಿಲ್ಲ ಎಂದೆ. ಒಂದು ಹೆಸರು ಕೊಡುತ್ತೇನೆ: ಅಸ್ಸೋವೆ ದಿರಿರ್. ನನ್ನ ಸುಳ್ಳಿಗೆ ಒಳಗಿರುವವನನ್ನು ಬಿಡಿ. ಹೊದಿಕೆ, ಕೆಮ್ಮಿನ ಔಷಧಿ ಜೊತೆಗೇ ತಂದಿದ್ದೇನೆ.

ಮೇಲೆ ಬರೆದದ್ದೆಲ್ಲ ನಡೆದದ್ದೇ; ಓದಿ ನೋಡಿ ಒಪ್ಪಿದ್ದೇನೆ. ಹಾಳೆಯಲ್ಲಿ ಉಳಿದ ಖಾಲಿ ಜಾಗಕ್ಕೆಲ್ಲ ನಾನೇ ಅಡ್ಡಗೆರೆ ಎಳೆದಿದ್ದೇನೆ, ಇನ್ನೊಂದು ಹೆಸರು ಯಾರೂ ಸೇರಿಸಲಾಗದ ಹಾಗೆ.

ಸ್ಥಳ: ಡಿರೆ ದಾವಾ
ದಿನಾಂಕ: 9 ಆಗಸ್ಟ್ 1991
(ಸಹಿ) ಅಸ್ಸೋವೆ ದಿರಿರ್