ಸೂರಜರ ಕೂಗು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ನಿವೃತ್ತ ಸೈನಿಕರೇ, ಚಪಳಗಾಂವದ ಹಿರಿಯರೇ, ತಾಯಂದಿರೇ, ಸಭಿಕರೇ,

ಮರಾಠಿಯಲ್ಲಿ ಬರೆದುಕೊಟ್ಟ ಭಾಷಣ ನನ್ನ ಕೈಯಲ್ಲಿದೆ. ಆದರೆ ನನ್ನ ಗಂಡ ನನ್ನೊಡನೆ ಆಡಿದ್ದೆಲ್ಲ ಕನ್ನಡ. ಅವರ ಮಾತನ್ನು ಕನ್ನಡದಲ್ಲೇ ಹೇಳುತ್ತೇನೆ, ಕ್ಷಮಿಸಿ.

ಇಂದು ಅನಾವರಣವಾಗುವ ಕಲ್ಲಿನ ಮೇಲೆ ಸೂರಜ ಎಂಬ ಹೆಸರಿದೆ. ಗಡಿಯ ಠಾಣೆಯ ಮೇಲೆ ಡ್ರೋನ್ ಬಿದ್ದಾಗ ಅವರು ಅಡುಗೆಗೆ ನೀರು ತುಂಬುತ್ತಿದ್ದರಂತೆ. ಅವರ ಶೌರ್ಯದ ಬಗ್ಗೆ ಹೇಳಿ ಎಂದಿದ್ದೀರಿ. ನಾನೇನು ಹೇಳಲಿ? ನಾನು ಕಂಡದ್ದು ರಜೆಗೆ ಬರುತ್ತಿದ್ದ ಸೂರಜರನ್ನು. ಸೊಲ್ಲಾಪುರದ ಬಸ್ಸಿಳಿದು ಬಂದವರೇ ಚೀಲವನ್ನು ಅಂಗಳದಲ್ಲಿಟ್ಟು ಕುರಿಹಟ್ಟಿಗೆ ಹೋಗುತ್ತಿದ್ದರು. ಹೆಂಡತಿಯ ಸರದಿ ಕುರಿಗಳ ನಂತರ. ನಗಬೇಡಿ, ನಾನು ನಿಜವಾಗಿಯೂ ಮುನಿಸಿಕೊಳ್ಳುತ್ತಿದ್ದೆ. ಈಗ ಯಾರ ಮೇಲೆ ಮುನಿಸಿಕೊಳ್ಳಲಿ?

ಕುರಿಗಳನ್ನು ಕರೆಯಲು ಅವರದೇ ಒಂದು ಕೂಗಿತ್ತು. ಅದು ಕೇಳಿದರೆ ಬಯಲಿನಲ್ಲಿದ್ದ ಕುರಿಗಳೆಲ್ಲ ತಲೆ ಎತ್ತುತ್ತಿದ್ದವು. ಅವರು ತೀರಿಹೋದ ಮೇಲೆ ಒಂದು ಸಂಜೆ, ಯಾರೂ ಇಲ್ಲವೆಂದುಕೊಂಡು, ನಾನೂ ಹಾಗೇ ಕೂಗಿ ನೋಡಿದೆ. ಒಂದು ಕುರಿಯೂ ತಲೆ ಎತ್ತಲಿಲ್ಲ. ಬಂದವರು ನನ್ನ ಅತ್ತೆ ಸೋಮವ್ವ. ಮಗ ಬಂದನೆಂದು, ರೊಟ್ಟಿ ಬಡಿಯುತ್ತಿದ್ದ ಹಿಟ್ಟುಗೈಯಲ್ಲೇ ಓಡಿ ಬಂದಿದ್ದರು.

ಇಬ್ಬರೂ ಹಟ್ಟಿಯ ಬಾಗಿಲಲ್ಲೇ ಕುಳಿತೆವು. ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ಆಕೆ ಹೇಳಿದರು: "ಕಲ್ಲಿನ ಕೂಡ ಬಾಳೇವು ಮಾಡಬ್ಯಾಡ, ಛಾಯಾ. ನೀ ಇನ್ನೊಂದು ಮನಿ ಮಾಡ್ಕೋ. ಊರಿಗಿ ನಾ ಹೇಳ್ತೀನಿ."

ಎಂಥ ಸಿಟ್ಟು ಬಂತು ನನಗೆ! ವಾರಗಟ್ಟಲೆ ಆಕೆಯೊಡನೆ ಮಾತಾಡಲಿಲ್ಲ. ಆಕೆ ಮಾತ್ರ ದಿನವೂ ನನಗೆ ಮೊದಲು ಬಡಿಸಿ, ಆಮೇಲೆ ತಾವು ಉಣ್ಣುತ್ತಿದ್ದರು.

ಸಭಿಕರೇ, ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಆದರೆ ಈಗಷ್ಟೇ ವೀರಪತ್ನಿ ಎಂದು ಶಾಲು ಹೊದಿಸಿದಿರಿ, ಸುಮ್ಮನಿರಲು ಆಗುತ್ತಿಲ್ಲ. ಮುಂದಿನ ತಿಂಗಳು ನನ್ನ ಮದುವೆ. ವರ ಬೋರಾಮಣಿಯ ಗುರುಶಾಂತ, ಸೊಲ್ಲಾಪುರದಲ್ಲಿ ಟವೆಲ್ ಮಗ್ಗದ ಮೇಲೆ ದುಡಿಯುತ್ತಾರೆ. ಹುಡುಕಿದವರು ನನ್ನ ಮಾವ, ಸೂರಜರ ತಂದೆ ಅಮೋಗಸಿದ್ಧರೇ. ಸೂರಜರನ್ನು ಮರೆಯುವುದು ನನ್ನಿಂದಾಗದು ಎಂದು ಗುರುಶಾಂತರಿಗೆ ಮೊದಲೇ ತಿಳಿಸಿದೆ. "ಮರೀರಿ ಅಂತ ಯಾರ ಹೇಳ್ಯಾರ?" ಎಂದರು.

ಈ ಕಲ್ಲಿನ ಪರದೆ ಸರಿಸಲು ನನ್ನನ್ನು ಕರೆದಿದ್ದೀರಿ. ದಯವಿಟ್ಟು ನನ್ನ ಅತ್ತೆಯನ್ನು ಕರೆಯಿರಿ. ಅಗೋ, ಹೆಂಗಸರ ನಡುವೆ ತಲೆ ಬಗ್ಗಿಸಿ ಕುಳಿತಿದ್ದಾರೆ. ನನಗೆ ಇನ್ನೊಂದು ಮನೆ ಸಿಕ್ಕಿತು. ಆಕೆಗೆ ಇನ್ನೊಬ್ಬ ಮಗ ಸಿಗುವುದಿಲ್ಲ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮ್ಮ ಋಣ ದೊಡ್ಡದು. ಎಲ್ಲರಿಗೂ ನಮಸ್ಕಾರ.