ಎರಡು ತಟ್ಟಿದರೆ ನಿಲ್ಲಿಸು

ಚಳ್ಳಕೆರೆಯ ಗ್ಯಾರೇಜಿನ ತಗಡಿನ ಮೇಲೆ ಮಧ್ಯಾಹ್ನದ ಮಳೆ ಧೋ ಎಂದು ಸುರಿಯುತ್ತಿತ್ತು. ಸಾಯಿಕುಮಾರ ರಾಂಪುರಕ್ಕೆ ಹೊರಟ ಪಿಕಪ್ಪನ್ನು ಒಳಗೆ ತಂದು ನಿಲ್ಲಿಸಿದ. ಹಿಂದೆ ಟಾರ್ಪಾಲಿನ ಕೆಳಗೆ ಎಳೆಯ ಕುರಿಮರಿಗಳು, ಅವನ್ನು ಹಿಡಿದುಕೊಂಡು ಅವನ ಅವ್ವ ರಂಗಕ್ಕ. ಹೋದ ವಾರ ಅವನು ಸೈಲೆನ್ಸರಿನ ಹೊಗೆ ಫಿಲ್ಟರ್ ಕತ್ತರಿಸಿ ತೆಗೆಸಿದ್ದ. ಆಗಿನಿಂದ ಗಾಡಿಗೆ ಎಳೆತವೇನೋ ಬಂದಿತ್ತು, ಆದರೆ ಓಡುವಾಗ ಹಿಂದೆ ಏನೋ ತಟ್ಟುತ್ತಿತ್ತು. ಯಾವ ನಟ್ಟು ಸಡಿಲವೋ ನೋಡಿಸಲು ಬಂದಿದ್ದ.

ಮುದುಕ ಮೆಕ್ಯಾನಿಕ್ ದೊಡ್ಡೀರಪ್ಪ ಗಾಡಿಯ ಕೆಳಗೆ ಇಣುಕಿ, ಹೊಸ ವೆಲ್ಡಿಂಗ್ ಕಂಡು ಸ್ಪಾನರ್ ಕೆಳಗಿಟ್ಟ. ಮಳೆಗೆ ನಿಂತಿದ್ದ ಇಬ್ಬರು ಡ್ರೈವರುಗಳೂ ಹತ್ತಿರ ಬಂದರು.

"ಕೂತ್ಕಳ್ರಿ... ಲೇ ಸಾಯಿ, ನೀನೂ ಕೂತ್ಕ. ಮೂರು ವರ್ಷದ ಹಿಂದೆ ಕೊಂಡ್ಲಹಳ್ಳಿ ಬೊಮ್ಮಯ್ಯ ಬಂದಿದ್ದ, ಇದೇ ಜಾಗಕ್ಕೆ, ಫಿಲ್ಟರ್ ಕಟ್ಕಂಡೈತೆ, ಗಾಡಿ ದಿಬ್ಬ ಏರಲ್ಲ, ಕಿತ್ತಾಕು ಅಂತ. ಕಿತ್ತಾಕಿದ್ಯಾರು? ನಾನೇ! ಈ ಸುಟ್ಟ ಕೈನಾಗೇ! ಅವನ ಹೆಂಡ್ತಿ ಓಬಳಮ್ಮ ಮರಿ ಹಿಡ್ಕಂಡು ಹಿಂದೆ ಕುಂತಿದ್ಲು. ನಮ್ಮ ಕಡೆ ಪದ್ಧತಿ ಗೊತ್ತಲ್ಲ... ಹಿಂದೆ ಕುಂತೋರು ಒಂದ್ಸಲ ತಟ್ಟಿದ್ರೆ ಹೊರಡು, ಎರಡು ತಟ್ಟಿದ್ರೆ ನಿಲ್ಲಿಸು. ಒಂದು ತಟ್ಟಿದ್ಲು, ಹೊಂಟ್ರು. ಇಂಥದೇ ಮಳೆ, ಟಾರ್ಪಾಲು ಬಿಗಿದು ಕಟ್ಟಿದ್ರು. ದಾರಿನಾಗೆ ನನ್ನ ವೆಲ್ಡಿಂಗ್ ಬಿರುಕು ಬಿಟ್ಟು ಹೊಗೆಯೆಲ್ಲ ಒಳಗೆ ತುಂಬ್ಕಂತು. ತಟ್ಟವ್ಳೆ, ತಟ್ಟವ್ಳೆ... ಬೆರಳಿನ ಗೆಣ್ಣೆಲ್ಲ ಸುಲಿದೋಗಿತ್ತು! ಆ ಇಂಜಿನ್ ಆರ್ಭಟದಾಗೆ ಬೊಮ್ಮಯ್ಯಗೆ ಹೆಂಗೆ ಕೇಳೀತು? ರಾಂಪುರದಾಗೆ ಹಗ್ಗ ಬಿಚ್ಚಿದ್ರೆ... ಅಯ್ಯೋ ಶಿವನೇ! ಮರಿಗಳೂ ತಣ್ಣಗೆ, ಅವ್ಳೂ ತಣ್ಣಗೆ."

ದೊಡ್ಡೀರಪ್ಪ ಸಾಯಿಕುಮಾರನ ಕಡೆ ತಿರುಗಿದ.

"ಆವತ್ತಿಂದ ಫಿಲ್ಟರ್ ಕಿತ್ತ ಗಾಡಿ ಯಾವ್ದೇ ಆಗ್ಲಿ, ಈ ದಾರಿನಾಗೆ ತಟ್ಟೋದು ನಟ್ಟಲ್ಲ ಕಣ್ರೋ. ಹೇಳ್ಲೇ ಸಾಯಿ, ನಿಂದು ಎಷ್ಟು ಸಲ ತಟ್ತೈತೆ?"

ಸಾಯಿಕುಮಾರ ಗಾಡಿಯ ಹಿಂಭಾಗದ ಕಡೆ ನೋಡಿದ. "ಎರಡು, ತಾತ... ನಾನು ನಿಲ್ಲಿಸ್ಲೇ ಇಲ್ಲ."

ಎಂದವನೇ ಓಡಿಹೋಗಿ ಟಾರ್ಪಾಲು ಕಿತ್ತೆಸೆದ. ಮರಿಯೊಂದನ್ನು ತಬ್ಬಿ, ಕತ್ತು ವಾಲಿಸಿ ಕೂತಿದ್ದಳು ರಂಗಕ್ಕ. ಗಾಡಿ ನಿಲ್ಲಿಸಿದಾಗ ಅವಳು ಇಳಿಯದಿದ್ದರೂ, ನಿದ್ದೆ ಹತ್ತಿರಬೇಕು ಎಂದು ಅವನು ಎಬ್ಬಿಸದೆ ಬಿಟ್ಟಿದ್ದ.

"ಅವ್ವಾ! ಅವ್ವಾ!"

ಕೆನ್ನೆ ತಟ್ಟಿ, ಮಳೆನೀರು ಚಿಮುಕಿಸಿದ ಮೇಲೆ ಅವಳು ಕಣ್ಣು ಬಿಟ್ಟಳು. "ತಲೆ ಗಿರ್ ಅಂತೈತೆ ಮಗಾ..."

ಅವನು ಅಳುತ್ತಲೇ ಅವಳನ್ನು ಎತ್ತಿ ತಂದು ಮುಂದಿನ ಸೀಟಿನಲ್ಲಿ ಕೂರಿಸಿದ. ದೊಡ್ಡೀರಪ್ಪ ಹೊಸ ವೆಲ್ಡಿಂಗಿನ ಬಳಿ ಪೈಪು ಬಿಟ್ಟಿದ್ದ ಬಿರುಕು ಮುಚ್ಚಿಕೊಟ್ಟ. ಟಾರ್ಪಾಲನ್ನು ಯಾರೂ ಮತ್ತೆ ಕಟ್ಟಲಿಲ್ಲ. ಸಾಯಿಕುಮಾರ ಇನ್ನೂ ಕೀಲಿ ತಿರುಗಿಸಿರಲಿಲ್ಲ. ಹಿಂದೆ, ಮರಿಗಳಲ್ಲದೆ ಯಾರೂ ಇಲ್ಲದ ಕಡೆ, ಗಾಡಿಯ ತಗಡು ಸದ್ದು ಮಾಡಿತು.

ಟಕ್.

ಒಂದೇ ಸಲ.

ದೊಡ್ಡೀರಪ್ಪ ಕಿಟಕಿಯ ಹತ್ತಿರ ಬಗ್ಗಿದ. "ಹೋಗು... ತಿರುಗಿ ನೋಡಬ್ಯಾಡ. ಓಬಳಮ್ಮ ಆವತ್ತು ರಾಂಪುರದಾಗೆ ಇಳೀಲೇ ಇಲ್ಲ ನೋಡು... ಅಲ್ಲಿ ಎರಡು ತಟ್ತಾಳೆ. ನೀನಾದ್ರೂ ನಿಲ್ಲಿಸೋ. ಇಳೀಲಿ."