ಬೋರಜ್ಜನ ಅಂಗಿಯ ಐದು ಗುಂಡಿ

ಹಿಂದೆ ಕೂತೋರು ಒಸಿ ಮುಂದಕ್ಕೆ ಬನ್ರಪ್ಪಾ. ಯಾವ ಕಾಲ ಅಂತ ಕೇಳಬೇಡಿ, ನಮ್ಮಜ್ಜಿಯ ಅಜ್ಜಿಗೂ ಗೊತ್ತಿಲ್ಲ. ಯಾವ ಊರು ಅಂತ ಕೇಳಬೇಡಿ, ದಾರಿ ನಂಗೂ ಗೊತ್ತಿಲ್ಲ. ಆ ಊರಲ್ಲಿ ಬೋರಜ್ಜ ಅಂತ ಒಬ್ಬ ಇದ್ದ. ಅವನ ಹೆಂಡ್ತಿ ಹೊನ್ನಮ್ಮ.

ಬೋರಜ್ಜನ ಕಸುಬು ಹಗ್ಗ ಹೊಸೆಯೋದು. ಹಸು ಕಟ್ಟೋ ಹಗ್ಗ ಅವನದೇ, ಬಾವಿಗೆ ಬಿಡೋ ಹಗ್ಗ ಅವನದೇ, ತೊಟ್ಟಿಲು ತೂಗೋ ಹಗ್ಗವೂ ಅವನದೇ. ಐವತ್ತು ವರ್ಷ ಹೊಸೆದೂ ಹೊಸೆದೂ ಅವನ ಬೆರಳು ಏನಾಗಿದ್ವು ಹೇಳಿ? ಸುಟ್ಟ ಗೆಣಸಿನ ಹಾಗೆ ದಪ್ಪ. ಮಡಚಿದ್ರೆ ಬಿಚ್ಚವು, ಬಿಚ್ಚಿದ್ರೆ ಮಡಚವು. ಆದ್ರೆ ಆ ಮಾತು ಯಾರಾದ್ರೂ ಎತ್ತಿದ್ರೋ, ಅಜ್ಜನ ಮೂಗು ಕೆಂಪಗಾಗ್ತಿತ್ತು. ಗುಂಡಿ ಹಾಕಕ್ಕೆ ಆಗಲ್ಲ ಅನ್ನೋ ಬದಲು ಅಂಗಿ ತೊಡೋದನ್ನೇ ಬಿಟ್ಟುಬಿಟ್ಟಿದ್ದ. ಕಂಬಳಿ ಹೊದ್ದು ಓಡಾಡೋನು. ಕೇಳಿದ್ರೆ, "ಅಂಗಿ ತೊಟ್ರೆ ಸೆಕೆ" ಅನ್ನೋನು. ಸೆಕೆಗೆ ಕಂಬಳಿ ಹೊದೆಯೋರನ್ನ ನೀವು ಎಲ್ಲಾದ್ರೂ ಕಂಡಿದ್ದೀರಾ?

ಅವನಿಗೊಬ್ಬಳು ಮೊಮ್ಮಗಳು, ನಿಂಗಿ. ಅಪ್ಪ ಅಮ್ಮ ಇಲ್ಲದ ಹುಡುಗಿ, ಅಜ್ಜನ ಹೆಗಲ ಮೇಲೇ ಬೆಳೆದೋಳು. ಅವಳಿಗೆ ಮದುವೆ ಗೊತ್ತಾಯ್ತು. ಧಾರೆ ಎರೆಯೋನು ಅಜ್ಜನೇ. ನಿಂಗಿ ತಾನೇ ನೂಲು ನೂತು, ನೇಯಿಸಿ, ಬಿಳೀ ಬಟ್ಟೆ ತಂದು ಅಜ್ಜಿ ಕೈಗಿಟ್ಳು.

"ಅಜ್ಜೀ, ಇದರಲ್ಲಿ ಅಜ್ಜನಿಗೆ ಅಂಗಿ ಹೊಲಿ. ಅದನ್ನ ತೊಟ್ಕೊಂಡೇ ನನ್ನ ಧಾರೆ ಎರೀಬೇಕು."

ಹೊನ್ನಮ್ಮ ಹೊಲಿದ್ಳು. ಅಂಗಿಯೇನೋ ಆಯ್ತು, ಗುಂಡಿ ಬೇಕಲ್ಲ? ಬಳೆಗಾರ್ತಿ ಹತ್ರ ಗಾಜಿನ ಗುಂಡಿ ತಗೊಂಡ್ಳು. ಮೆಣಸಿನ ಕಾಳಿನಷ್ಟು, ಫಳಫಳ ಅಂತಿದ್ವು. ಗುಂಡಿ ತೂರಿಸೋ ಸೀಳಿಗೆ ಕಾಜ ಅಂತೀವಲ್ಲ, ಆ ಕಾಜವನ್ನೂ ಅಷ್ಟೇ ಪುಟ್ಟದಾಗಿ ಕತ್ತರಿಸಿ ಹೊಲಿದ್ಳು. ಅಜ್ಜ ಅಂಗಿ ಒಳಗೆ ಒಯ್ದು ಬಾಗಿಲು ಹಾಕ್ಕೊಂಡ. ಒಂದು ಗಳಿಗೆ ಆಯ್ತು. ಎರಡು ಗಳಿಗೆ ಆಯ್ತು. ಮೂರನೇ ಗಳಿಗೆಗೆ ಕಂಬಳಿ ಹೊದ್ಕೊಂಡೇ ಆಚೆ ಬಂದ.

"ಇದೇನೇ ಹೊನ್ನಿ, ಎದೆ ಮೇಲೆ ಮೆಣಸು ಒಣಗಹಾಕಿದ ಹಾಗಿದೆ. ನಾ ಒಲ್ಲೆ."

ಹೋಗಲಿ ಅಂತ ಹೊನ್ನಮ್ಮ ಹಿತ್ತಾಳೆ ಗುಂಡಿ ತಂದ್ಳು. ಎಷ್ಟು ದೊಡ್ಡವು? ಒಂದೊಂದೂ ಅಡಿಕೆ ಗಾತ್ರ. ಕಾಜ ಇನ್ನೂ ಸೀಳಿದ್ಳು. ಈ ಸಲ ಅಜ್ಜ ಎದೆ ಸೆಟೆಸಿಕೊಂಡು ಹೊರಗೆ ಬಂದ. ಐದಕ್ಕೆ ಐದೂ ಹಾಕಿದ್ದ! ನಿಂಗಿ ಚಪ್ಪಾಳೆ ಹೊಡೆದ್ಳು. ಅಜ್ಜ ಕೆರ ಮೆಟ್ಟಕ್ಕೆ ಅಂತ ಬಗ್ಗಿದ. ಬಗ್ಗಿದ್ದೇ ತಡ, ಪಳಕ್, ಪಳಕ್, ಪಳಕ್! ಅಗಲ ಕಾಜದಿಂದ ಗುಂಡಿ ಒಂದೊಂದಾಗಿ ಜಾರಿದ್ವು, ಅಂಗಿ ಹಾರುಹೊಡೆದು ತೆರೆದುಕೊಳ್ತು. ಅಂಗಳದ ಕೋಳಿ ಬೆದರಿ ಸೂರು ಹತ್ತಿತು.

ನಿಂಗಿ ಪಾಪ, ತಡೀಲಾರದೆ ನಕ್ಕುಬಿಟ್ಳು.

ಅಜ್ಜನ ಮೂಗು ಕೆಂಪಾಯ್ತು. ಅಂಗಿ ಕಿತ್ತು ಹೊನ್ನಮ್ಮನ ಮಡಿಲಿಗೆ ಎಸೆದ. "ಧಾರೆ ಬೇರೆ ಯಾರಾದ್ರೂ ಎರೀಲಿ. ನಾನು ಮನೇಲಿ ದನ ನೋಡ್ಕೊಂಡಿರ್ತೀನಿ."

"ಗುಂಡಿ ನಾನೇ ಹಾಕಿಕೊಡ್ತೀನಿ ಬನ್ನಿ" ಅಂದ್ಳು ಹೊನ್ನಮ್ಮ.

"ನಾನೇನು ಕೂಸಾ?" ಅಂತ ಅಜ್ಜ ಹಗ್ಗದ ಕಡೆ ತಿರುಗಿ ಕೂತ. ನಿಂಗಿಯ ನಗು ಅಲ್ಲೇ ಅಳುವಾಯ್ತು.

ಈಗ ಹೊನ್ನಮ್ಮ ಏನು ಮಾಡಬೇಕು? ಬೈದ್ಳಾ? ಇಲ್ಲ. ಬೇಡಿದ್ಳಾ? ಅದೂ ಇಲ್ಲ. ಬೆಳಗಾಗೆದ್ದು ಮೊರದ ತುಂಬ ತರತರದ ಗುಂಡಿ ಹರವಿಕೊಂಡು ಕೂತು, ಕಣ್ಣು ಉಜ್ಜಿಕೊಂಡ್ಳು.

"ಏನಂದ್ರೆ, ನಂಗೆ ಕಣ್ಣೇ ಮಂಜಾಗ್ತಿದೆ. ಇದರಲ್ಲಿ ಗಟ್ಟಿ ಯಾವುದು, ಟೊಳ್ಳು ಯಾವುದು ತಿಳೀತಿಲ್ಲ. ನಿಮ್ಮ ಕೈ ಐವತ್ತು ವರ್ಷ ನಾರು ಮುಟ್ಟಿದ ಕೈ. ಒಸಿ ಆರಿಸಿಕೊಡಿ."

"ಹೂಂ, ನಾನಿಲ್ಲದೆ ಈ ಮನೇಲಿ ಏನು ನಡೆದೀತು!" ಅಂತ ಅಜ್ಜ ಮೊರಕ್ಕೆ ಕೈ ಹಾಕಿದ. ಸಣ್ಣವು ಬೆರಳಿಗೇ ಸಿಗಲಿಲ್ಲ. ನುಣ್ಣನೆಯವು ಜಾರಿ ಹೋದ್ವು. ಕೊನೆಗೆ ಕೈಯಲ್ಲಿ ನಿಂತಿದ್ದು ತೆಂಗಿನ ಚಿಪ್ಪಿನ ಗುಂಡಿ. ಹೆಬ್ಬೆರಳ ಉಗುರಿನಷ್ಟು ಅಗಲ, ಅಂಚು ಒರಟು.

"ಇದು ಗುಂಡಿ ಅಂದ್ರೆ!" ಅಂದ ಅಜ್ಜ. ಹೊನ್ನಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದ್ಳು.

ಕಾಜ ಸೀಳಿ ಹಾಳಾಗಿದ್ದ ಎದೆಪಟ್ಟಿ ಬಿಚ್ಚಿ ಹೊಸದು ಹಾಕಿದ್ಳು. ಗುಂಡಿಗೆ ದಾರ ಸುತ್ತಿ, ಆ ಸುತ್ತಿನ ಅರ್ಧಕ್ಕೆ ಕಾಜದ ಅಳತೆ ತೆಗೆದ್ಳು. ಮೊದಲು ಚಿಂದಿ ಬಟ್ಟೆ ಮೇಲೆ ಸೀಳಿ ನೋಡಿದ್ಳು. ಎಳೆದ್ರೆ ಬಿಚ್ಚಬಾರದು ಅಂತ ಕಾಜವನ್ನ ಅಡ್ಡಕ್ಕೆ ಕತ್ತರಿಸಿ, ಅಂಚನ್ನ ಒತ್ತೊತ್ತಾಗಿ ಹೊಲಿದ್ಳು. ಗುಂಡಿಯನ್ನ ಬಟ್ಟೆಗೆ ಅಂಟಿಸಿ ಹೊಲೀಲಿಲ್ಲ, ಕೆಳಗೆ ದಾರ ಸುತ್ತಿ ಪುಟ್ಟ ಕತ್ತು ಬಿಟ್ಳು. ಯಾಕೆ? ದಪ್ಪ ಬೆರಳು ಅಡಿಗೆ ಹೋಗಬೇಕಲ್ಲ!

ಮದುವೆ ದಿನ ಅಜ್ಜ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ. ಒಂದು ಗಳಿಗೆಗೇ ಆಚೆ ಬಂದ. ಐದೂ ಗುಂಡಿ ಗಟ್ಟಿಯಾಗಿ ಕೂತಿದ್ವು. ಆದ್ರೆ ಏನಾಗಿತ್ತು ಗೊತ್ತಾ? ಮೊದಲನೇ ಗುಂಡಿ ಎರಡನೇ ಕಾಜಕ್ಕೆ, ಎರಡನೇದು ಮೂರನೇದಕ್ಕೆ ಹೋಗಿ, ಐದನೇ ಗುಂಡಿಗೆ ಕಾಜವೇ ಉಳೀದೆ, ಅದನ್ನ ಹೇಗೋ ನಾಲ್ಕನೇ ಗುಂಡಿಯ ಜೊತೆಗೇ ತುರುಕಿದ್ದ! ಅಂಗಿಯ ಒಂದು ಕಡೆ ಕಿವಿ ಮುಟ್ತಿತ್ತು, ಇನ್ನೊಂದು ಕಡೆ ಮೊಣಕಾಲಿಗೆ ಇಳಿದಿತ್ತು.

ಹೊನ್ನಮ್ಮ ಬಾಯಿ ತೆರೆದ್ಳು. ಅಜ್ಜನ ಮುಖದ ಬೆಳಕು ನೋಡಿ ಮುಚ್ಚಿದ್ಳು. ಹಸೆ ಮೇಲಿದ್ದ ನಿಂಗಿ ತಲೆ ತಗ್ಗಿಸಿದ್ಳು, ಈ ಸಲ ನಗಲಿಲ್ಲ. ಚಪ್ಪರದ ತುಂಬ ಗುಸುಗುಸು ಎದ್ದಿತು. ಗಂಡಿನ ಕಡೆ ಹುಡುಗರು ಕಿಸಕ್ಕನೆ ನಕ್ರು.

ಗಂಡಿನ ಅಪ್ಪ ಮುದ್ದೇಗೌಡ, ಗಿರಿಜಾಮೀಸೆಯ ಭಾರೀ ಆಳು. ಅಜ್ಜನನ್ನ ನೋಡಿದ, ನಕ್ಕ ಹುಡುಗರನ್ನ ನೋಡಿದ. ಕಂಬದ ಕಡೆ ತಿರುಗಿ, ತನ್ನ ಅಂಗಿಯ ಗುಂಡಿ ಒಂದೊಂದೂ ಬಿಚ್ಚಿ, ಒಂದೊಂದು ಕಾಜ ತಪ್ಪಿಸಿ ಹಾಕ್ಕೊಂಡು ಈ ಕಡೆ ತಿರುಗಿದ. ಮೀಸೆ ತೀಡಿದ. ಹುಡುಗರ ನಗು ಗಂಟಲಲ್ಲೇ ನಿಂತಿತು. ಒಬ್ಬ ಗುಂಡಿ ಬಿಚ್ಚಿದ. ಇನ್ನೊಬ್ಬ ಬಿಚ್ಚಿದ. ಆಮೇಲೆ ಮದುಮಗನೂ ಬಿಚ್ಚಿ ಸೊಟ್ಟಗೆ ಹಾಕ್ಕೊಂಡ.

ಅಜ್ಜ ಬಗ್ಗಿ ಧಾರೆ ಎರೆದ. ಒಂದು ಗುಂಡಿಯೂ ಜಾರಲಿಲ್ಲ. ನಿಂಗಿಯ ಅಂಗೈ ಮೇಲೆ ಹಾಲು ಬಿತ್ತು, ಅದರ ಜೊತೆ ಅಜ್ಜನ ಕಣ್ಣೀರೂ ಬಿತ್ತು.

ಊಟಕ್ಕೆ ಕೂತಾಗ ಅಜ್ಜ ಪಂಕ್ತಿಯುದ್ದಕ್ಕೂ ಬೀಗರನ್ನ ಒಂದು ಸಲ ನೋಡಿದ. ಹೊನ್ನಮ್ಮನ ಕಿವಿಗೆ ಬಾಗಿ ಪಿಸುಗುಟ್ಟಿದ: "ಲೇ, ಹುಡುಗೀನ ಎಂಥ ಮನೆಗೆ ಕೊಟ್ವೇ? ಒಬ್ಬರಿಗಾದ್ರೂ ಗುಂಡಿ ಹಾಕಕ್ಕೆ ಬರುತ್ತಾ ನೋಡು!"

"ಒಳ್ಳೇ ಮನೆಗೇ ಕೊಟ್ಟಿದ್ದೀವಿ" ಅಂದ್ಳು ಹೊನ್ನಮ್ಮ. "ಸುಮ್ನೆ ಉಣ್ಣಿ."

ಅವರು ಅಲ್ಲಿ ಉಂಡು ಎದ್ರು, ನೀವು ಇಲ್ಲಿ ಕೇಳಿ ಎದ್ದೇಳಿ. ಅಂಗಿ ಅವರಿಗೆ, ಕತೆ ನಿಮಗೆ, ಎಲೆ ಅಡಿಕೆ ನನಗೆ.